ಆಯಿಲ್ ಡಬ್ಬಿಯ ಮೇಲಿನ ಎರಡು ಸಾಲು

ಎತ್ತಿನ ಗಾಡಿಯ ಕಾಲದಲ್ಲಿ ಎಣ್ಣೆಯ ವಿಷಯವಾಗಿ ನಮ್ಮ ಹಿರಿಯರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಗಾಡಿಯ ಕೆಳಗೆ ಬಿದಿರಿನ ಗೊಟ್ಟವೊಂದು ತೂಗಾಡುತ್ತಿತ್ತು. ಅದರೊಳಗೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ. ಸಂತೆಗೆ ಹೊರಡುವ ಮುನ್ನ ಚಕ್ರ ಸರಿಸಿ ಅಚ್ಚಿಗೆ ಬಳಿದರೆ ಕೆಲಸ ಮುಗಿಯಿತು. ಮರೆತರೆ ಗಾಡಿಯೇ ಅರ್ಧ ಹರದಾರಿ ದೂರ ಕೇಳುವಂತೆ ಕಿರುಗುಟ್ಟಿ ನೆನಪು ಮಾಡುತ್ತಿತ್ತು. ಟ್ರ್ಯಾಕ್ಟರು ಹಾಗಲ್ಲ. ಅದು ಕೊನೆಯವರೆಗೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟ ದಿನ ರೈತನ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಟ್ರ್ಯಾಕ್ಟರಿಗೆ ಆಯಿಲ್ ಬದಲಿಸುವ ಸಮಯ ಬಂದಾಗ, ಪೇಟೆಯ ಅಂಗಡಿಯೊಂದರಲ್ಲಿ ಪೀಪಾಯಿಯಿಂದ ಅಳೆದುಕೊಡುವ ಬಿಡಿ ಆಯಿಲ್ ತಂದೆ. ಲೀಟರಿಗೆ ನೂರು ರೂಪಾಯಿಯಷ್ಟು ಅಗ್ಗ. ಜೊತೆಗಿದ್ದ ಮೆಕ್ಯಾನಿಕ್ ಎರಡು ಬೆರಳಿನ ನಡುವೆ ಉಜ್ಜಿ ನೋಡಿ, 'ಒಳ್ಳೇ ಮಾಲು ಸ್ವಾಮಿ, ಎಷ್ಟು ಮಂದವಾಗಿದೆ ನೋಡಿ' ಎಂದ. ಏಳು ಲೀಟರಿಗೆ ಏಳು ನೂರು ರೂಪಾಯಿ ಉಳಿಯಿತೆಂದು ಹಿಗ್ಗಿದೆ. ಮುಂಗಾರಿನ ಮೊದಲ ಹದ ಮಳೆಯಾಗಿ ರೋಟವೇಟರ್ ಕಟ್ಟಿ ಹೊಲಕ್ಕಿಳಿದ ನಾಲ್ಕನೆಯ ದಿನ ಆಯಿಲ್ ಒತ್ತಡದ ದೀಪ ಹತ್ತಿತು. ಹುಡುಗ ಅದನ್ನು ಲೆಕ್ಕಿಸಲಿಲ್ಲ. ಇನ್ನೆರಡು ಸಾಲು ಹೊಡೆಯುವಷ್ಟರಲ್ಲಿ ಎಂಜಿನ್ ಹಿಡಿದುಕೊಂಡಿತು. ಬಿಚ್ಚಿ ನೋಡಿದರೆ ತಳದ ತೊಟ್ಟಿಯಲ್ಲಿ ರಾಗಿ ಅಂಬಲಿಯಂಥ ಕಪ್ಪು ಗಸಿ. ಆಯಿಲ್ ಹೀರುವ ಜಾಲರಿಯೇ ಕಟ್ಟಿಹೋಗಿತ್ತು. ಬೇರಿಂಗುಗಳು ಸವೆದು ಕ್ರ್ಯಾಂಕಿನ ಮೇಲೆ ಗೀರು ಬಿದ್ದಿತ್ತು. ರಿಪೇರಿಗೆ ಅರವತ್ತು ಸಾವಿರ ದಾಟಿತು. ಹಣ ಹೇಗೋ ಹೊಂದಿಸಿದೆ. ಆದರೆ ಹದಿನೈದು ದಿನ ಗಾಡಿ ಶೆಡ್ಡಿನಲ್ಲಿ ನಿಂತು, ಹೊಲದ ಹದ ಆರಿ, ಶೇಂಗಾ ಬಿತ್ತನೆ ತಪ್ಪಿತಲ್ಲ, ಅದನ್ನು ಯಾವ ಅಂಗಡಿಯಿಂದ ತರಲಿ?

ಆಯಿಲ್ ಒಂದೇ ಕಾರಣವೆಂದು ಪಂಚಾಯಿತಿಯ ಮುಂದೆ ನಿಂತು ಪ್ರಮಾಣ ಮಾಡಲಾರೆ. ಹುಡುಗನ ತಪ್ಪೂ ಇತ್ತು, ನನ್ನದು ಹೆಚ್ಚೇ ಇತ್ತು. ಆದರೆ ಅಂದಿನಿಂದ ಆಯಿಲ್ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಓದುವುದನ್ನು ಕಲಿತೆ. ಗೊಬ್ಬರದ ಚೀಲದ ಮೇಲೆ 10:26:26 ಎಂದಿದೆಯೋ 20:20 ಎಂದಿದೆಯೋ ನೋಡದೆ ನಮ್ಮಲ್ಲಿ ಯಾರೂ ಕೊಳ್ಳುವುದಿಲ್ಲ. ಆಯಿಲನ್ನು ಮಾತ್ರ ಬಣ್ಣ ನೋಡಿ, ಬೆರಳಿನಲ್ಲಿ ಉಜ್ಜಿ, ಮೂಸಿ ಕೊಳ್ಳುತ್ತೇವೆ. ನನ್ನ ತಕರಾರು ಇದರ ಮೇಲೆಯೇ.

ಮಂದವಾದದ್ದೆಲ್ಲ ಒಳ್ಳೆಯದಲ್ಲ

ಡಬ್ಬಿಯ ಮೇಲೆ ಹೆಸರು, ಚಿತ್ರ, ಹೊಗಳಿಕೆ ಏನೇ ಇರಲಿ, ಓದಬೇಕಾದ ಸಾಲು ಎರಡೇ. ಒಂದು ಎಸ್‌ಎಇ ಎಂದು ಶುರುವಾಗುತ್ತದೆ. ಆಯಿಲ್ ಎಷ್ಟು ಮಂದ, ಎಷ್ಟು ತೆಳು ಎಂಬುದಷ್ಟನ್ನೇ ಅದು ಹೇಳುತ್ತದೆ. ಇನ್ನೊಂದು ಎಪಿಐ ಎಂದು ಶುರುವಾಗುತ್ತದೆ. ಗುಣದ ದರ್ಜೆಯನ್ನು ಹೇಳುವುದು ಅದು. ಎರಡೂ ಅಮೆರಿಕದ ಸಂಸ್ಥೆಗಳು ಮಾಡಿದ ಲೆಕ್ಕ. ಈಗ ಸರ್ವೋ ಇರಲಿ, ಮ್ಯಾಕ್ ಇರಲಿ, ಕ್ಯಾಸ್ಟ್ರಾಲ್ ಇರಲಿ, ಎಲ್ಲರೂ ಅದೇ ಲೆಕ್ಕವನ್ನು ಬರೆಯುತ್ತಾರೆ. (ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಆಯಿಲ್‌ನಿಂದ. 1909ರಲ್ಲಿ ಆ ಕಂಪನಿ ಎಂಜಿನ್ ಎಣ್ಣೆಗೆ ಹರಳೆಣ್ಣೆ ಬೆರೆಸಿ ಮಾರಿತು. ನಮ್ಮಜ್ಜನ ಗೊಟ್ಟದಲ್ಲಿದ್ದದ್ದೂ ಅದೇ ಎಣ್ಣೆ.)

ಮೊದಲ ಸಾಲನ್ನು ನೋಡೋಣ. ಬೆಲ್ಲದ ಪಾಕ ಬಿಸಿ ಇರುವಾಗ ನೀರಿನಂತೆ ಹರಿಯುತ್ತದೆ, ಆರಿದರೆ ಸೌಟಿಗೆ ಅಂಟಿಕೊಳ್ಳುತ್ತದೆ. ಆಯಿಲಿನ ಸ್ವಭಾವವೂ ಅದೇ. ಆದ್ದರಿಂದ ಆಯಿಲನ್ನು ಅಳೆಯುವುದು ನೀರು ಕುದಿಯುವ ಶಾಖದಲ್ಲಿ, ಅಂದರೆ 100 ಡಿಗ್ರಿಯಲ್ಲಿ. ಓಡುತ್ತಿರುವ ಎಂಜಿನ್ನಿನೊಳಗೆ ಇರುವುದೂ ಹೆಚ್ಚುಕಡಿಮೆ ಆ ಶಾಖವೇ. ಅಂಗಡಿಯ ನೆರಳಿನಲ್ಲಿ ನಿಂತು ಬೆರಳಿನಲ್ಲಿ ಉಜ್ಜಿ ನೋಡುವವನು, ತಣ್ಣಗಿನ ಪಾಕವನ್ನು ನೋಡಿ ಬಿಸಿ ಪಾಕದ ಹದ ಹೇಳಹೊರಟವನಂತೆ. 30 ಎಂದರೆ ತೆಳು, 40 ಎಂದರೆ ಅದಕ್ಕಿಂತ ಮಂದ, 50 ಇನ್ನೂ ಮಂದ. ಅಷ್ಟೇ. 40 ಎಂಬುದು 30ಕ್ಕಿಂತ 'ಒಳ್ಳೆಯ' ಆಯಿಲ್ ಅಲ್ಲ. ಎಂಜಿನ್ ಕಟ್ಟಿದವನು ಲೋಹ ಲೋಹಗಳ ನಡುವೆ ಎಷ್ಟು ಸಂದು ಬಿಟ್ಟಿದ್ದಾನೋ ಆ ಸಂದಿಗೆ ಒಪ್ಪುವ ಆಯಿಲ್ ಯಾವುದೋ ಅದೇ ಒಳ್ಳೆಯದು. ಬೇಕಾದದ್ದಕ್ಕಿಂತ ಮಂದವಾದ ಆಯಿಲ್ ಹಾಕಿದರೆ ಅದು ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ, ಡೀಸೆಲ್ಲೂ ಹೆಚ್ಚು ಉರಿಯುತ್ತದೆ. ಹೊಗೆ ಬಿಡುವ ಹಳೆಯ ಎಂಜಿನ್ನಿಗೆ ಮಂದ ಆಯಿಲ್ ಹಾಕಿ ಹೊಗೆ ನಿಲ್ಲಿಸುವ ಕೈಚಳಕ ಕೆಲವು ಮೆಕ್ಯಾನಿಕ್‌ಗಳಿಗೆ ಗೊತ್ತು. ಸವೆದ ರಿಂಗು ಅದರಿಂದ ಸರಿಹೋಗುವುದಿಲ್ಲ. ಗಾಡಿ ಮಾರುವವನಿಗೆ ಅದು ಅನುಕೂಲ, ಕೊಳ್ಳುವವನಿಗಲ್ಲ. ಹಳೆಯ ಟ್ರ್ಯಾಕ್ಟರು ಕೊಳ್ಳಲು ಹೋಗುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಇನ್ನು 15ಡಬ್ಲ್ಯು-40, 20ಡಬ್ಲ್ಯು-40 ಎಂಬ ಜೋಡಿ ಅಂಕಿಗಳು. ಇವುಗಳಿಗೆ ಮಲ್ಟಿಗ್ರೇಡ್ ಆಯಿಲ್ ಎನ್ನುತ್ತಾರೆ. ಡಬ್ಲ್ಯು ಎಂದರೆ ಇಂಗ್ಲಿಷಿನಲ್ಲಿ ಚಳಿಗಾಲ. 15ಡಬ್ಲ್ಯು ಆಯಿಲಿನಲ್ಲಿ ಎಂಜಿನ್ ತಿರುಗೀತೇ ಎಂದು ಪರೀಕ್ಷಿಸುವುದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ. ಬೀದರಿನ ಜನವರಿ ಬೆಳಗು ಎಷ್ಟೇ ಕೊರೆದರೂ ನೀರು ಹೆಪ್ಪುಗಟ್ಟುವವರೆಗೆ ಹೋಗುವುದಿಲ್ಲ. ಹಾಗಾದರೆ ಈ ಜೋಡಿ ಅಂಕಿ ನಮಗೇಕೆ, ಅದು ಚಳಿ ದೇಶದವರ ಚಿಂತೆ ಎಂದು ನಾನೂ ಬಹಳ ದಿನ ವಾದ ಮಾಡಿದ್ದೆ. ಆ ವಾದ ತಪ್ಪು. ಬಿಸಿಯಾದಾಗ ಬರೀ 40ರ ಆಯಿಲೂ 15ಡಬ್ಲ್ಯು-40ರ ಆಯಿಲೂ ಒಂದೇ ಹದ. ಆದರೆ ನಮ್ಮ ಬೇಸಿಗೆಯ ಮಟ್ಟದ 40 ಡಿಗ್ರಿಯಲ್ಲಿ ಅಳೆದರೆ ಬರೀ 40ರ ಆಯಿಲ್ ಸುಮಾರು 140 ಸೆಂಟಿಸ್ಟೋಕ್ ಮಂದವಿದ್ದರೆ, 15ಡಬ್ಲ್ಯು-40 ಸುಮಾರು 110ರಷ್ಟಿರುತ್ತದೆ. ಮುಂಜಾನೆಯ ತಂಪಿನಲ್ಲಿ ಈ ಅಂತರ ಇನ್ನೂ ಹೆಚ್ಚು. ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಆಯಿಲ್ ತಳಕ್ಕಿಳಿದಿರುತ್ತದೆ. ಕೀಲಿ ತಿರುಗಿಸಿದ ಮೊದಲ ಕೆಲವು ಕ್ಷಣ ಲೋಹ ಹೆಚ್ಚುಕಡಿಮೆ ಒಣಗಿಯೇ ಉಜ್ಜುತ್ತದೆ. ತೆಳುವಾದ ಆಯಿಲ್ ಬೇಗ ಮೇಲೇರುತ್ತದೆ. ದಿನಕ್ಕೆ ಹತ್ತು ಸಲ ನಿಲ್ಲಿಸಿ ಹೊರಡಿಸುವ ಟ್ರ್ಯಾಕ್ಟರಿಗೆ ಅಷ್ಟರ ಮಟ್ಟಿಗೆ ಸವೆತ ಕಡಿಮೆ.

ಬಾವಿಯ ಮೇಲೆ ಕೂರಿಸಿದ ಹಳೆಯ ಡೀಸೆಲ್ ಪಂಪ್‌ಸೆಟ್ಟಿನ ಲೆಕ್ಕ ಬೇರೆ. ಅದು ಒಮ್ಮೆ ಹೊರಟರೆ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುವ ಯಂತ್ರ. ಅದರ ಪುಸ್ತಕದಲ್ಲಿ 30 ಅಥವಾ 40ರ ಒಂಟಿ ಅಂಕಿಯ ಆಯಿಲ್ ಹೇಳಿದ್ದರೆ ಅದನ್ನೇ ಹಾಕಿ. ದುಬಾರಿ ಆಯಿಲ್ ಹಾಕಿ ಸಾಧಿಸುವುದೇನೂ ಇಲ್ಲ.

ಎರಡನೆಯ ಸಾಲೇ ಮುಖ್ಯ

ಎಪಿಐ ಸಾಲಿನಲ್ಲಿ ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಅಕ್ಷರದಿಂದ ಶುರುವಾದರೆ ಡೀಸೆಲ್ಲಿಗೆ. ಸಿ ಆದ ಮೇಲೆ ಬರುವ ಅಕ್ಷರ ಮುಂದುವರಿದಷ್ಟೂ ದರ್ಜೆ ಹೊಸದು. ಸಿಡಿ ಎಂಬುದು 1955ರ ದರ್ಜೆ. ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಜೆ-4 2006ರಲ್ಲಿ, ಸಿಕೆ-4 2016ರಲ್ಲಿ. ಸಿಡಿ ಮತ್ತು ಸಿಎಫ್-4 ದರ್ಜೆಗಳನ್ನು ಆ ಸಂಸ್ಥೆಯೇ ಕೈಬಿಟ್ಟಿದೆ. ಹಾಗಿದ್ದರೂ ಹಳ್ಳಿಯ ಅಂಗಡಿಗಳಲ್ಲಿ ಈ ಹಳೆಯ ದರ್ಜೆಯ ಡಬ್ಬಿಗಳು ಅಗ್ಗದ ಬೆಲೆಗೆ ಸಿಗುತ್ತವೆ. ಮೇಲಿನ ಸಾಲಿನಲ್ಲಿ ಎರಡರಲ್ಲೂ 40 ಎಂದೇ ಇರುವುದರಿಂದ ನಮ್ಮವರು 'ಎರಡೂ ಒಂದೇ' ಎಂದು ಅಗ್ಗದ್ದನ್ನು ಎತ್ತಿಕೊಂಡು ಬರುತ್ತಾರೆ. ದಶಕಗಳ ಹಿಂದಿನ ದರ್ಜೆಯನ್ನು ಹೊಸ ಎಂಜಿನ್ನಿಗೆ ಸುರಿದಂತಾಯಿತು.

ದರ್ಜೆ ಎಂದರೇನು? ಆಯಿಲ್ ಬರೀ ಜಾರಿಸುವ ವಸ್ತುವಲ್ಲ. ಅದು ಶಾಖವನ್ನು ಹೊತ್ತೊಯ್ಯಬೇಕು, ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ತೊಳೆದು ಗಂಟು ಕಟ್ಟದಂತೆ ತನ್ನೊಳಗೇ ತೇಲಿಸಿಟ್ಟುಕೊಳ್ಳಬೇಕು, ಹುಳಿ ಅಂದರೆ ಆಮ್ಲವನ್ನು ಮುರಿಯಬೇಕು. ಇದಕ್ಕಾಗಿ ಬೆರೆಸುವ ರಾಸಾಯನಿಕಗಳಲ್ಲೇ ದರ್ಜೆ ಇರುವುದು. ಅದಕ್ಕೇ ಡೀಸೆಲ್ ಎಂಜಿನ್ನಿಗೆ ಹಾಕಿದ ಒಳ್ಳೆಯ ಆಯಿಲ್ ಬೇಗ ಕಪ್ಪಾಗುತ್ತದೆ. 'ಎರಡೇ ದಿನಕ್ಕೆ ಕಪ್ಪಾಯಿತು, ನಕಲಿ ಮಾಲು' ಎಂದು ಜಗಳಕ್ಕೆ ಹೋದವರನ್ನು ನೋಡಿದ್ದೇನೆ. ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವುದರ ಗುರುತು. ಬಟ್ಟೆ ಒಗೆದ ನೀರು ತಿಳಿಯಾಗಿಯೇ ಇದ್ದರೆ ಸೋಪಿನ ಮೇಲೆ ಅನುಮಾನ ಪಡಬೇಕು, ಅಲ್ಲವೇ?

ಸಾಮಾನ್ಯವಾಗಿ ಮೇಲಿನ ದರ್ಜೆಯದನ್ನು ಕೆಳಗಿನ ದರ್ಜೆ ಕೇಳುವ ಎಂಜಿನ್ನಿಗೆ ಹಾಕಬಹುದು. ತಿರುವುಮುರುವು ಕೂಡದು. ಸಿಎಚ್-4 ಕೇಳಿದ ಟ್ರ್ಯಾಕ್ಟರಿಗೆ ಸಿಐ-4 ಹಾಕಿದರೆ ತೊಂದರೆಯಿಲ್ಲ. ಹೊಸಬರು ಇನ್ನೊಂದನ್ನು ಗಮನಿಸಬೇಕು. 50 ಎಚ್‌ಪಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಗೆಯ ನಿಯಮ ಬಿಗಿಯಾಯಿತು. ಅಂಥವುಗಳಲ್ಲಿ ಕೆಲವಕ್ಕೆ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಹಳೆಯ ದರ್ಜೆಯ ಆಯಿಲಿನ ಬೂದಿ ಆ ಜರಡಿಯನ್ನು ಕಟ್ಟಿಸುತ್ತದೆ. ಅವಕ್ಕೆ ಬೂದಿ ಕಡಿಮೆ ಇರುವ ಆಯಿಲೇ ಬೇಕು. ಪುಸ್ತಕ ಹೇಳಿದ್ದರಲ್ಲಿ ಅಕ್ಷರವೂ ಆಚೀಚೆ ಆಗಬಾರದು.

ಸಿಂಥೆಟಿಕ್ ಆಯಿಲ್ ಬಗ್ಗೆ ಈಚೆಗೆ ಎಲ್ಲರೂ ಕೇಳುತ್ತಾರೆ. ಒಳ್ಳೆಯ ಆಯಿಲ್ ಅದು, ಸುಳ್ಳಲ್ಲ. ವಿಪರೀತ ಶಾಖದಲ್ಲೂ ಕೆಡದು, ಕೊರೆಯುವ ಚಳಿಯಲ್ಲೂ ಗಟ್ಟಿಯಾಗದು. ಇಂದಿನ ಕಾರುಗಳಿಗೆ 5ಡಬ್ಲ್ಯು-30ರಂಥ ತೆಳು ಸಿಂಥೆಟಿಕ್ ಬೇಕೆಂದೇ ಎಂಜಿನ್ ಕಟ್ಟಿರುತ್ತಾರೆ. ಆದರೆ ಅದೇ ಆಯಿಲನ್ನು ಇನ್ನೂ ಕೆಲವೆಡೆ ಓಡುತ್ತಿರುವ ಹಳೆಯ ಎಚ್‌ಎಂಟಿ ಜೀಟರಿಗೆ ಸುರಿಯುವುದು, ಗದ್ದೆಗೆ ರೇಷ್ಮೆ ಪಂಚೆ ಉಟ್ಟು ಇಳಿದ ಹಾಗೆ. ನಮ್ಮ ಹೊಲದಲ್ಲಿ ಆಯಿಲನ್ನು ಮೊದಲು ಕೆಡಿಸುವುದು ದೂಳು. ದೂಳಿಗೆ ಸಿಂಥೆಟಿಕ್ಕೂ ಒಂದೇ, ಸಾಮಾನ್ಯ ಆಯಿಲೂ ಒಂದೇ. ದುಬಾರಿ ಆಯಿಲ್ ಹಾಕಿ ಐನೂರು ಗಂಟೆ ಮರೆತುಬಿಡುವವನಿಗಿಂತ, ಸಾಮಾನ್ಯ ಸಿಐ-4 ಆಯಿಲ್ ಹಾಕಿ ಪುಸ್ತಕ ಹೇಳಿದ ಗಂಟೆಗೆ, ಬಹಳ ಗಾಡಿಗಳಿಗೆ ಅದು 250 ಗಂಟೆ, ಫಿಲ್ಟರ್ ಸಮೇತ ಬದಲಿಸುವವನ ಎಂಜಿನ್ ಹೆಚ್ಚು ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಉಳಿದ ದುಡ್ಡನ್ನು ಏರ್ ಕ್ಲೀನರ್ ಮೇಲೆ ಹಾಕಿ. ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇದ್ದರೆ, ಕಣದ ಕೆಲಸದ ದಿನಗಳಲ್ಲಿ ಬಟ್ಟಲು ಬಿಚ್ಚಿ ಕೆಸರು ತೆಗೆದು ಹೊಸ ಆಯಿಲ್ ತುಂಬಿ. ಗುರುತಿಗಿಂತ ಮೇಲೆ ತುಂಬಬೇಡಿ, ಎಂಜಿನ್ ಆ ಎಣ್ಣೆಯನ್ನೇ ಒಳಗೆಳೆದುಕೊಳ್ಳುತ್ತದೆ. ಅಂಗಡಿಯವರು ಜೊತೆಗೆ ತಗಲಿಸುವ 'ಶಕ್ತಿ ಹೆಚ್ಚಿಸುವ' ಚಿಕ್ಕ ಸೀಸೆಗಳಿಗೆ ನಮಸ್ಕಾರ ಹೇಳಿ ಬನ್ನಿ.

ಗೇರ್, ಬೈಕು, ಕಳೆ ಯಂತ್ರ

ಗೇರ್ ಆಯಿಲಿನ 90, 140 ಎಂಬ ಅಂಕಿ ಬೇರೊಂದು ಅಳತೆಗೋಲಿನದು. 90ರ ಗೇರ್ ಆಯಿಲ್ 40ರ ಎಂಜಿನ್ ಆಯಿಲಿನ ಎರಡರಷ್ಟು ಮಂದ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು 40 ಮತ್ತು 50ರ ಎಂಜಿನ್ ಆಯಿಲಿನ ಆಸುಪಾಸಿನಲ್ಲೇ ಇರುತ್ತದೆ. ಬೆರೆಸಿರುವ ರಾಸಾಯನಿಕ ಮಾತ್ರ ಬೇರೆ, ಹಲ್ಲು ಹಲ್ಲು ಒತ್ತಿ ಉಜ್ಜುವ ಜಾಗಕ್ಕೆ ಮಾಡಿದ್ದು. ಎಣ್ಣೆಯಲ್ಲಿ ಮುಳುಗಿದ ಬ್ರೇಕು ಇರುವ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟಕ್ಕೆ ಗೇರಿಗೂ ಹೈಡ್ರಾಲಿಕ್ಕಿಗೂ ಬ್ರೇಕಿಗೂ ಒಂದೇ ಆಯಿಲ್. ಅದಕ್ಕೆಂದೇ ಮಾಡಿದ ಆಯಿಲ್ ಇದೆ. ಅಲ್ಲಿ ಹಳೆಯ ರೂಢಿಯಂತೆ 90 ಸುರಿದರೆ ಬ್ರೇಕು ಕಿರುಗುಟ್ಟುತ್ತದೆ, ಹಿಡಿತ ತಪ್ಪುತ್ತದೆ. ಕಬ್ಬು ತುಂಬಿದ ಟ್ರೇಲರ್ ಕಟ್ಟಿಕೊಂಡು ಇಳಿಜಾರಿನಲ್ಲಿ ಇಳಿಯುವವನಿಗೆ ಇದು ದುಡ್ಡಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಬೈಕಿಗೆ ಟ್ರ್ಯಾಕ್ಟರಿನಲ್ಲಿ ಉಳಿದ ಆಯಿಲನ್ನಾಗಲಿ ಕಾರಿನ ಆಯಿಲನ್ನಾಗಲಿ ಹಾಕಬೇಡಿ. ಬಹುತೇಕ ಬೈಕುಗಳ ಕ್ಲಚ್ಚು ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿನ ಕೆಲವು ಆಯಿಲುಗಳಲ್ಲಿ ಹೆಚ್ಚು ಜಾರಿಸುವ ವಸ್ತು ಇರುವುದರಿಂದ ಕ್ಲಚ್ಚು ಜಾರುತ್ತದೆ. ಬೈಕಿನ ಡಬ್ಬಿಯ ಮೇಲೆ ಜಾಸೋ ಎಂಎ ಎಂದಿರಬೇಕು.

ಮಲೆನಾಡಿನ ತೋಟದವರು ಕಳೆ ಕತ್ತರಿಸುವ ಯಂತ್ರವನ್ನು ಕೆಡಿಸಿಕೊಳ್ಳುವ ರೀತಿ ಒಂದೇ ಬಗೆಯದು. ಎರಡು ಸ್ಟ್ರೋಕಿನ ಯಂತ್ರಕ್ಕೆ 2ಟಿ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕು, ಲೀಟರಿಗೆ 20 ಮಿಲಿಯೋ 40 ಮಿಲಿಯೋ ಎಂಬುದನ್ನು ಅದರ ಪುಸ್ತಕ ಹೇಳುತ್ತದೆ. ನಾಲ್ಕು ಸ್ಟ್ರೋಕಿನದಕ್ಕೆ ಬೆರೆಸಬಾರದು, ಬೇರೆ ಬಾಯಿಯಲ್ಲಿ ಎಂಜಿನ್ ಆಯಿಲ್ ಹಾಕಬೇಕು. ಎರಡೂ ಯಂತ್ರ ನೋಡಲು ಒಂದೇ ತರಹ. ಕೂಲಿಗೆ ಬಂದ ಹುಡುಗ ಬರೀ ಪೆಟ್ರೋಲನ್ನು ಎರಡು ಸ್ಟ್ರೋಕಿನ ಯಂತ್ರಕ್ಕೆ ಹಾಕಿದರೆ ಅರ್ಧ ಗಂಟೆಯೂ ಬೇಡ, ಪಿಸ್ಟನ್ ಹಿಡಿಯುತ್ತದೆ. ಎರಡು ಕ್ಯಾನುಗಳಿಗೆ ಎರಡು ಬಣ್ಣ ಬಳಿದಿಡಿ.

ಬಿಡಿ ಆಯಿಲಿನ ಗುಟ್ಟು

ಪೀಪಾಯಿಯ ಆಯಿಲೆಲ್ಲ ಮೋಸವೆಂದು ಹೇಳಲಾರೆ. ಆದರೆ ಪೀಪಾಯಿಯೊಳಗೆ ಏನಿದೆ ಎಂಬುದಕ್ಕೆ ಅಂಗಡಿಯವನ ಬಾಯಿಮಾತು ಬಿಟ್ಟು ಬೇರೆ ಸಾಕ್ಷಿಯಿಲ್ಲ. ಗ್ಯಾರೇಜುಗಳಲ್ಲಿ ಇಳಿಸಿದ ಸುಟ್ಟ ಆಯಿಲನ್ನು ಸೋಸಿ, ಬಣ್ಣ ತಿಳಿಗೊಳಿಸಿ, ಮಂದ ಬರುವಂತೆ ಏನನ್ನೋ ಬೆರೆಸಿ ಮತ್ತೆ ಮಾರುವವರಿದ್ದಾರೆ. ಶಾಸ್ತ್ರೋಕ್ತವಾಗಿ ಶುದ್ಧಿಮಾಡಿದರೆ ಸುಟ್ಟ ಆಯಿಲೂ ಹೊಸದಕ್ಕೆ ಸಮ, ಅದಕ್ಕೆಂದೇ ಕಾರ್ಖಾನೆಗಳಿವೆ. ಬಟ್ಟೆಯಲ್ಲಿ ಸೋಸಿದ್ದು ಶುದ್ಧಿಯಲ್ಲ. ಬೆರಳಿಗೆ ಎರಡೂ ಒಂದೇ ರೀತಿ ಮಂದವಾಗಿ ಸಿಗುತ್ತವೆ. ನನ್ನ ಮೆಕ್ಯಾನಿಕ್ಕನ ಬೆರಳು ಮೋಸಹೋದದ್ದು ಹೀಗೆಯೇ ಇರಬೇಕು.

ಖಾಲಿ ಡಬ್ಬಿಗೂ ಗಿರಾಕಿಗಳಿರುವುದೇಕೆ ಎಂದು ಯೋಚಿಸಿದ್ದೀರಾ? ಮುಚ್ಚಳ ಕೆಡದ ಡಬ್ಬಿಗೆ ಗುಜರಿಯವನು ಒಂದೆರಡು ರೂಪಾಯಿ ಹೆಚ್ಚು ಕೊಟ್ಟರೆ ಆ ಡಬ್ಬಿ ಎಲ್ಲಿಗೆ ಹೋಗುತ್ತದೆಂದು ಊಹಿಸಿ. ಆಯಿಲ್ ಸುರಿದ ಕೂಡಲೇ ಡಬ್ಬಿಗೆ ಮೊಳೆ ಹೊಡೆದು ತೂತು ಮಾಡಿ. ನಾನು ಕುಡುಗೋಲಿನಲ್ಲಿ ಸೀಳಿಯೇ ಹೊರಗೆ ಹಾಕುತ್ತೇನೆ.

ಗಾಡಿಯ ಆಯಿಲ್ ಕೋಲನ್ನು ಬೆಳಗಿನ ಹೊತ್ತು ಎಳೆದು ನೋಡುವ ಅಭ್ಯಾಸ ಇಟ್ಟುಕೊಂಡರೆ ಮುಂದಾಗುವುದು ಮೊದಲೇ ತಿಳಿಯುತ್ತದೆ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಆಯಿಲ್ ತಾನಾಗಿ ಹೆಚ್ಚಾಗಿದ್ದರೆ ಸಂತೋಷಪಡಬೇಡಿ, ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಡೀಸೆಲ್ ಒಳಗೆ ಸೋರುತ್ತಿದೆ. ಅಂಥ ಆಯಿಲಿನಲ್ಲಿ ಒಂದು ಸಾಲೂ ಉಳಬಾರದು.

ಇಳಿಸಿದ ಸುಟ್ಟ ಆಯಿಲನ್ನು ಎಮ್ಮೆಗಳ ಕಜ್ಜಿಗೆ, ಹೇನಿಗೆ ಬಳಿಯುವ ರೂಢಿ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬಿಡಿ. ಚರ್ಮಕ್ಕೆ ಅದು ವಿಷ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಬಳಿಯುವವನ ಕೈಗೂ ಒಳ್ಳೆಯದಲ್ಲ. ಬಾವಿಯ ಪಕ್ಕ ಚೆಲ್ಲುವವರಿಗೆ ಏನು ಹೇಳಲಿ? ಸುಟ್ಟ ಆಯಿಲನ್ನು 2016ರ ಕೇಂದ್ರ ನಿಯಮಗಳು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿಟ್ಟು, ನೋಂದಾಯಿತ ಕಾರ್ಖಾನೆಗೇ ಹೋಗಬೇಕೆಂದಿವೆ. ಕಾಗದದ ಮೇಲೆ ಸರಿ. ಐದಾರು ಲೀಟರ್ ಸುಟ್ಟ ಆಯಿಲ್ ಹಿಡಿದುಕೊಂಡು ಹಳ್ಳಿಯ ರೈತ ಆ ಕಾರ್ಖಾನೆಯನ್ನು ಎಲ್ಲಿ ಹುಡುಕಬೇಕು?

ಇದಕ್ಕೆ ನನ್ನದೊಂದು ಸೂಚನೆ. ಗೊಬ್ಬರ ಮಾರುವ ಸಹಕಾರ ಸಂಘಗಳೇ ಸೀಲು ಕೆಡದ ಆಯಿಲ್ ಡಬ್ಬಿಗಳನ್ನು ಒಟ್ಟಾಗಿ ತರಿಸಿ ಸದಸ್ಯರಿಗೆ ಮಾರಲಿ, ಒಂದು ಪೀಪಾಯಿ ಇಟ್ಟು ಸುಟ್ಟ ಆಯಿಲನ್ನು ಅಲ್ಲೇ ವಾಪಸು ತೆಗೆದುಕೊಳ್ಳಲಿ. ಬಿಡಿ ಆಯಿಲಿನ ಅಗ್ಗದ ಬೆಲೆಗೆ ಹತ್ತಿರದ ಬೆಲೆಯಲ್ಲೇ ಒಳ್ಳೆಯ ಮಾಲು ಒದಗಿಸುವುದು ಒಟ್ಟು ಖರೀದಿಯಲ್ಲಿ ಸಾಧ್ಯ. ಟ್ರ್ಯಾಕ್ಟರು ಕಂಪನಿಯವರು ಇನ್ನೊಂದು ಕೆಲಸ ಮಾಡಲಿ. ನನಗೆ ಗಾಡಿಯ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅದು ಪೆಟ್ಟಿಗೆಯ ತಳದಲ್ಲೇ ಗೆದ್ದಲು ಹಿಡಿಯಿತು. ಎಂಜಿನ್ನಿಗೆ ಯಾವ ಆಯಿಲ್, ಗೇರಿಗೆ ಯಾವುದು, ಎಷ್ಟು ಲೀಟರ್, ಎಷ್ಟು ಗಂಟೆಗೆ ಎಂಬುದನ್ನು ಕನ್ನಡದಲ್ಲಿ ಒಂದು ತಗಡಿನ ಮೇಲೆ ಅಚ್ಚು ಹಾಕಿ ಬಾನೆಟ್ಟಿಗೆ ಬಡಿದು ಕೊಟ್ಟರೆ ಅವರ ಗಂಟೇನು ಹೋಗುತ್ತದೆ?

ಅವರು ಕೊಡುವವರೆಗೆ ಕಾಯದೆ, ರಿಪೇರಿಯಾಗಿ ಬಂದ ನನ್ನ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ, ಊರಿನ ಬೋರ್ಡು ಬರೆಯುವವನಿಂದ ಬಿಳಿ ಬಣ್ಣದಲ್ಲಿ ಬರೆಸಿದ್ದೇನೆ: 'ಎಂಜಿನ್: 15ಡಬ್ಲ್ಯು-40, ಸಿಐ-4, ಏಳು ಲೀಟರ್, 250 ಗಂಟೆ, ಫಿಲ್ಟರ್ ಸಹಿತ.' ಕೆಳಗೆ ಕಳೆದ ಸಲ ಬದಲಿಸಿದಾಗಿನ ಮೀಟರಿನ ಅಂಕಿಯನ್ನು ಸೀಮೆಸುಣ್ಣದಲ್ಲಿ ಬರೆಯಲು ಜಾಗ ಬಿಡಿಸಿದ್ದೇನೆ. ದೀಪ ಹತ್ತಿದರೂ ಗಾಡಿ ನಿಲ್ಲಿಸದಿದ್ದ ಆ ಹುಡುಗನೇ ಈಗ ಆ ಅಂಕಿ ಬರೆಯುತ್ತಾನೆ.